ಅಂಗಳದ ಮಾತು: ಕಾರಣ ಕೇಳಿ, ಆಮೇಲೆ ಕಿಟ್ ಕೊಳ್ಳಿ



ಕಳೆದ ಸಂಚಿಕೆಯಲ್ಲಿ, ಹಾಸ್ಟೆಲಿನಲ್ಲಿರುವವರು ಒಂದೇ ಕುಕ್ಕರಿನಲ್ಲಿ ಏನೇನು ಅಡುಗೆ ಮಾಡಿಕೊಳ್ಳಬಹುದು ಎಂದು ಬರೆದಿದ್ದೆ. ಈ ಸಲದ ವಿಷಯ ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್! "ಇವರಿಗೇನಾಯಿತು?" ಎಂದು ನೀವು ನಕ್ಕರೆ ತಪ್ಪಿಲ್ಲ, ನಮ್ಮ ಮನೆಯಲ್ಲೂ ನಕ್ಕರು. ಆದರೆ ಕುಕ್ಕರಿಗೂ ಈ ಗೇರ್‌ಬಾಕ್ಸಿಗೂ ಎಷ್ಟು ಹತ್ತಿರದ ನಂಟು ಎಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ನಮ್ಮ ಸಂಘದ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವ ಹುಡುಗನೊಬ್ಬ ಒಂದು ಸಂಜೆ ಮನೆಗೆ ಬಂದ. ಅವನ ಅಜ್ಜ ಕುಂದಾಪುರದ ಕಡೆಯಿಂದ ಹದಿಹರೆಯದಲ್ಲೇ ಮುಂಬಯಿಗೆ ಬಂದು, ಮಲಬಾರ್ ಹಿಲ್ಲಿನ ಸೇಠರೊಬ್ಬರ ಬಳಿ ಬಹಳ ವರ್ಷ ಡ್ರೈವರ್ ಆಗಿದ್ದವರು. ಸೇಠರು ತೀರಿಕೊಂಡ ಮೇಲೆ ಅವರ ಮಕ್ಕಳು, "ಇದನ್ನು ನಿಮ್ಮಷ್ಟು ಚೆನ್ನಾಗಿ ನೋಡಿಕೊಳ್ಳುವವರು ಇನ್ನಾರೂ ಇಲ್ಲ" ಎಂದು 1965ರ ಷೆವ್ರೊಲೆ ಇಂಪಾಲಾ ಕಾರನ್ನು ಅಜ್ಜನ ಹೆಸರಿಗೇ ಮಾಡಿಕೊಟ್ಟರು. ಆ ಕಾರು ಇವರ ಕಟ್ಟಡದ ಅಂಗಳದಲ್ಲೇ ನಿಂತಿತ್ತು. ಈಗ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಮೂರು ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕು. ಕಾರು ತಾನಾಗಿ ಓಡಿ ಹೋಗಬೇಕು, ಇಲ್ಲವೇ ಗುಜರಿಯವನ ಪಾಲು.

ಓಡಿಸಲು ಹೋದರೆ ಎಂಜಿನ್ ಅಬ್ಬರಿಸುತ್ತಿತ್ತು. ಕಾರು ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಹುಡುಗ ಮೂವರನ್ನು ಕೇಳಿದ್ದ, ಮೂರು ಸಲಹೆ ಸಿಕ್ಕಿದ್ದವು. ಒಂದು ಗ್ಯಾರೇಜಿನವರು, "ಆಟೋಮ್ಯಾಟಿಕ್ ತೆಗೆದು ಬಿಸಾಡಿ, ಬೇರೆ ಗಾಡಿಯ ಸಾದಾ ಗೇರ್‌ಬಾಕ್ಸ್ ಕೂರಿಸೋಣ" ಎಂದರು. ಗೆಳೆಯನೊಬ್ಬ, "ಅಮೆರಿಕದಿಂದ ರೇಸ್ ಕಿಟ್ ತರಿಸು" ಎಂದ. ನೆಂಟರೊಬ್ಬರು, "ಗುಜರಿಯಲ್ಲಿ ಇಡೀ ಗೇರ್‌ಬಾಕ್ಸ್ ಸಿಗುತ್ತದೆ" ಎಂದರು. "ಆಂಟೀ, ಇಂಗ್ಲಿಷ್ ಕೈಪಿಡಿ ಇದೆ, ಆರುನೂರು ಪುಟ ಇರಬಹುದು. ಯಾವ ಕಿಟ್ ಕೊಳ್ಳಬೇಕು, ಓದಿ ಹೇಳುತ್ತೀರಾ?" ಎಂದ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ಅಷ್ಟೇ ನನ್ನ ಅರ್ಹತೆ. ಆದರೂ ಒಪ್ಪಿಕೊಂಡೆ. ಮುಂದಿನ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಏನಿದೆ?

ಮೊದಲು ಸ್ವಲ್ಪ ಚರಿತ್ರೆ. ಜನರಲ್ ಮೋಟಾರ್ಸ್ 1928ರಲ್ಲಿ ನಮ್ಮ ಮುಂಬಯಿಯ ಶಿವಡಿಯಲ್ಲೇ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು, 1954ರಲ್ಲಿ ಮುಚ್ಚಿತು. ಇಂಪಾಲಾ ಮಾರುಕಟ್ಟೆಗೆ ಬಂದದ್ದು 1958ರ ಮಾದರಿಯಾಗಿ. ಹಾಗಾಗಿ ಇಲ್ಲಿಗೆ ಬಂದ ಇಂಪಾಲಾಗಳು ಹೊರಗಿನಿಂದ ಹಡಗೇರಿ ಬಂದವು. ಈ ಹುಡುಗನ ಕಾರಿನಲ್ಲಿದ್ದದ್ದು 'ಪವರ್‌ಗ್ಲೈಡ್' ಎಂಬ ಗೇರ್‌ಬಾಕ್ಸ್. ಷೆವ್ರೊಲೆಯವರು ಇದನ್ನು 1950ರಿಂದ 1973ರ ತನಕ ತಯಾರಿಸಿದರು. ಮುಂದಕ್ಕೆ ಎರಡೇ ಗೇರು, ಹಿಂದಕ್ಕೆ ಒಂದು. ಅಷ್ಟು ಸರಳ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ ನೋಡಿ. ಅದರ ಗಾಳಿಗೆ ಎದುರಿನದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಳ್ಳಿ. ಅದೇ ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಶಕ್ತಿ ಹೀಗೆ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಬರುತ್ತದೆ. ಒಳಗೆ ಹಲ್ಲುಚಕ್ರಗಳ ಒಂದು ಗುಂಪು, ಅದರ ಸುತ್ತ ಒಂದು ಡ್ರಮ್. ಮೊದಲ ಗೇರಿನಲ್ಲಿ ಪಟ್ಟಿಯಂಥ ಒಂದು ಬ್ಯಾಂಡ್ ಆ ಡ್ರಮ್ಮನ್ನು ಬಿಗಿಹಿಡಿಯುತ್ತದೆ. ವೇಗ ಏರಿದಾಗ ಬ್ಯಾಂಡ್ ಕೈಬಿಡುತ್ತದೆ, ಕ್ಲಚ್ ಪ್ಲೇಟುಗಳ ಕಟ್ಟು ಒಂದನ್ನೊಂದು ಒತ್ತಿ ಹಿಡಿಯುತ್ತದೆ. ಎರಡನೆಯ ಗೇರು ಬಿತ್ತು. ಬ್ಯಾಂಡನ್ನೂ ಕ್ಲಚ್ಚನ್ನೂ ಒತ್ತುವುದು ಎಣ್ಣೆಯ ಒತ್ತಡವೇ.

ಇಲ್ಲೇ ನಮ್ಮ ಕುಕ್ಕರ್ ನೆನಪಾಗುವುದು. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಬೇಳೆ ಬೇಯುವುದಿಲ್ಲ. ಬೇಳೆಯದೂ ತಪ್ಪಲ್ಲ, ಬೆಂಕಿಯದೂ ತಪ್ಪಲ್ಲ, ಒತ್ತಡ ನಿಲ್ಲುತ್ತಿಲ್ಲ ಅಷ್ಟೇ. ಗೇರ್‌ಬಾಕ್ಸಿನಲ್ಲೂ ರಬ್ಬರ್ ಸೀಲುಗಳು ಕಾಲ ಕಳೆದಂತೆ ಗಟ್ಟಿಯಾಗುತ್ತವೆ. ಒತ್ತಡ ಸೋರಿದರೆ ಕ್ಲಚ್ ಅರೆಬರೆ ಹಿಡಿಯುತ್ತದೆ, ಜಾರುತ್ತದೆ, ಜಾರಿ ಜಾರಿ ಸುಡುತ್ತದೆ. ಓಡಿಸದೆ ಸುಮ್ಮನೆ ನಿಂತ ಕಾರಿನಲ್ಲೂ ಸೀಲು ಹಾಳಾಗುತ್ತದೆ. "ಅಷ್ಟೇನೂ ಓಡಿಸಿಲ್ಲವಲ್ಲ" ಎಂಬ ಸಮಾಧಾನ ಇಲ್ಲಿ ನಡೆಯದು.

ಮೊದಲ ಪ್ರಶ್ನೆ: ಯಾವುದು?

ಕಾರಿನ ಹೆಸರು ಹೇಳಿ ಕಿಟ್ ಕೊಳ್ಳಬೇಡಿ. ಗೇರ್‌ಬಾಕ್ಸಿನ ಗುರುತು ಹಿಡಿದು ಕೊಳ್ಳಿ. ಪವರ್‌ಗ್ಲೈಡಿನಲ್ಲೇ ಮೊದಲು ಬಂದದ್ದು ಬೀಡುಕಬ್ಬಿಣದ ಪೆಟ್ಟಿಗೆ, 1962ರಿಂದ ಅಲ್ಯೂಮಿನಿಯಂ. ಒಂದರ ಸಾಮಾನು ಇನ್ನೊಂದಕ್ಕೆ ಆಗುವುದಿಲ್ಲ. ಒಂದು ಅಯಸ್ಕಾಂತ ಹಿಡಿದು ನೋಡಿ; ಅಂಟಿಕೊಂಡರೆ ಕಬ್ಬಿಣ. ಅಲ್ಯೂಮಿನಿಯಂ ಪವರ್‌ಗ್ಲೈಡಿನ ಎಣ್ಣೆ ಪ್ಯಾನಿಗೆ 14 ಬೋಲ್ಟು. 1969ರಲ್ಲಿ ಬಂದ 'ಟರ್ಬೊ 350'ಕ್ಕೆ 13. ಐವತ್ತರ ದಶಕದ ಕೊನೆಯ ಷೆವ್ರೊಲೆಗಳಲ್ಲಿ 'ಟರ್ಬೊಗ್ಲೈಡ್' ಎಂಬ ಬೇರೆಯೇ ಜಾತಿಯದೂ ಉಂಟು. ಇನ್ನು ಅರವತ್ತು ವರ್ಷದಲ್ಲಿ ಯಾರು ಯಾವುದನ್ನು ಬದಲಿಸಿದ್ದಾರೋ! ಮಲಗಿ, ಕೆಳಗೆ ಇಣುಕಿ, ಬೋಲ್ಟು ಎಣಿಸಿ, ಫೋಟೊ ತೆಗೆದುಕೊಳ್ಳಿ. ಆರು ಸಿಲಿಂಡರಿನ ಎಂಜಿನ್ನೋ ಎಂಟರದ್ದೋ ಎಂಬುದನ್ನೂ ಬರೆದಿಡಿ. ಕ್ಲಚ್ ಪ್ಲೇಟುಗಳ ಸಂಖ್ಯೆಯೂ ಬದಲಾಗುವುದುಂಟು; ಪೆಟ್ಟಿಗೆ ಬಿಚ್ಚಿ ಎಣಿಸದೆ ತರಿಸಬೇಡಿ.

ಎರಡನೆಯ ಪ್ರಶ್ನೆ: ಯಾಕೆ ಕೆಟ್ಟಿತು?

ಮೂರು ಸಲಹೆ ಕೊಟ್ಟವರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದವರು ಅಜ್ಜ. ಎಂಬತ್ತಾರು ದಾಟಿದ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಾವು ಕೈಪಿಡಿ ಹರಡಿಕೊಂಡು ಕುಳಿತಿದ್ದಾಗ ಮೂಲೆಯಿಂದ, "ಎಂತ ಆಯ್ತ್ ಅಂತ ಮೊದ್ಲ್ ಕಾಣ್ ಮಗಾ, ಮತ್ತೆ ಬಿಚ್ಚ್" ಎಂದರು. ಆಮೇಲೆ ತಾವು ಗಮನಿಸಿದ್ದನ್ನು ಹೇಳಿದರು: ತಿಂಗಳಿಗೊಮ್ಮೆ ಗೇರ್ ಎಣ್ಣೆ ತುಂಬಬೇಕಾಗುತ್ತಿತ್ತು, ಆದರೆ ನೆಲದಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ. ಗೇರು ಬದಲಾಗುವಾಗ ಹಿಂದಿನಿಂದ ಯಾರೋ ಗುದ್ದಿದಂತೆ ಆಗುತ್ತಿತ್ತು.

ಕೈಪಿಡಿ ತಿರುವಿದೆ. ಉತ್ತರ ಅಲ್ಲೇ ಇತ್ತು! ಪೆಟ್ಟಿಗೆಯ ಹೊರಮೈಯಲ್ಲಿ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಅದರೊಳಗೆ ರಬ್ಬರಿನ ಪೊರೆ. ಎಂಜಿನ್ನಿನಿಂದ ಬರುವ ಒಂದು ಕೊಳವೆ ಗಾಳಿಯನ್ನು ಎಳೆಯುತ್ತಿರುತ್ತದೆ. ಎಂಜಿನ್ನಿನ ಮೇಲೆ ಎಷ್ಟು ಭಾರವಿದೆ ಎಂಬ ಸುದ್ದಿ ಆ ಎಳೆತದಿಂದಲೇ ಗೇರ್‌ಬಾಕ್ಸಿಗೆ ತಲುಪುವುದು. ಪೊರೆ ಹರಿದರೆ ಎಂಜಿನ್ನು ಆ ಕೊಳವೆಯಿಂದ ಗೇರ್ ಎಣ್ಣೆಯನ್ನೇ ಹೀರಿ ಸುಟ್ಟುಬಿಡುತ್ತದೆ. ನೆಲದಲ್ಲಿ ಹನಿಯಿಲ್ಲ, ಹೊಗೆ ಮಾತ್ರ. ಪರೀಕ್ಷೆಯೂ ಸುಲಭ: ಮಾಡ್ಯುಲೇಟರಿನಿಂದ ಕೊಳವೆ ಕಿತ್ತು ನೋಡಿ. ಒಳಗೆ ಎಣ್ಣೆ ಕಂಡರೆ ಪೊರೆ ಹರಿದಿದೆ. ಹುಡುಗ ಕಿತ್ತ. ಕೆಂಪು ಎಣ್ಣೆ ಅವನ ಅಂಗೈಗೆ ಇಳಿಯಿತು.

ಹಾಗಾದರೆ ಆ ಸಣ್ಣ ಡಬ್ಬಿ ಬದಲಿಸಿದರೆ ಸಾಕಿತ್ತೇ? ಆರಂಭದಲ್ಲೇ ಕಂಡುಕೊಂಡಿದ್ದರೆ ಸಾಕಾಗುತ್ತಿತ್ತು. ಎಣ್ಣೆ ಕಡಿಮೆಯಾಗಿ, ಕ್ಲಚ್ ಜಾರಿ, ಈಗ ಅದು ಸುಟ್ಟಿತ್ತು. ಡಿಪ್ ಸ್ಟಿಕ್ಕಿನಲ್ಲಿ ಎಣ್ಣೆ ಕಂದಾಗಿ, ಸೀದ ವಾಸನೆ ಬರುತ್ತಿತ್ತು. ಆದ್ದರಿಂದ ಬಿಚ್ಚಲೇಬೇಕಾಯಿತು. ಆದರೆ ಯೋಚಿಸಿ: ಕಾರಣ ತಿಳಿಯದೆ ಬರಿಯ ಕ್ಲಚ್ ಪ್ಲೇಟುಗಳನ್ನು ಬದಲಿಸಿದ್ದರೆ, ಹರಿದ ಪೊರೆ ಹಾಗೇ ಇದ್ದು ಹೊಸ ಪ್ಲೇಟುಗಳೂ ಸುಡುತ್ತಿದ್ದವು. ಅತಿ ಅಗ್ಗದ ಸಾಮಾನು ಅತಿ ದುಬಾರಿ ಕೆಲಸವನ್ನು ಮಣ್ಣುಪಾಲು ಮಾಡುತ್ತಿತ್ತು.

ಮೂರನೆಯ ಪ್ರಶ್ನೆ: ಏನು ಬೇಕು, ಏನು ಬೇಡ?

ಹುಡುಗ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರನ್ನು ಒಪ್ಪಿಸಿದ. ಅವರಿಗೆ ಇಂಗ್ಲಿಷ್ ಓದಲು ಬಾರದು, ಕೈಗೆ ಮಾತ್ರ ಎಲ್ಲ ಗೊತ್ತು. ನಾನು ಓದಿ ಹಿಂದಿಯಲ್ಲಿ ಹೇಳುತ್ತಿದ್ದೆ, ಅವರು ಬಿಚ್ಚುತ್ತಿದ್ದರು, ಹುಡುಗ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ ಫೋಟೊ ತೆಗೆದು ಬರೆದುಕೊಳ್ಳುತ್ತಿದ್ದ. ಎಲ್ಲ ಬಿಚ್ಚಿ ನೋಡುವ ತನಕ ಒಂದು ಸಾಮಾನನ್ನೂ ತರಿಸಬಾರದೆಂದು ಮಿಸ್ತ್ರಿ ಕಟ್ಟುನಿಟ್ಟಾಗಿ ಹೇಳಿದರು.

ಎಣ್ಣೆ ಪ್ಯಾನಿನ ತಳ ಒಂದು ಪಂಚಾಂಗವಿದ್ದಂತೆ. ಬೂದು ಬಣ್ಣದ ನುಣ್ಣನೆಯ ಕೆಸರು ತೆಳುವಾಗಿದ್ದರೆ ಅದು ಸಹಜ ಸವಕಳಿ. ಲೋಹದ ಚಕ್ಕೆಗಳಿದ್ದರೆ ಒಳಗೆ ಗಟ್ಟಿ ಸಾಮಾನೇ ತಿಂದುಹೋಗಿದೆ. ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕಿನಂತೆ ಕಂಡರೆ ರೇಡಿಯೇಟರಿನ ನೀರು ಬೆರೆತಿದೆ; ಆಗ ರೇಡಿಯೇಟರನ್ನು ಸರಿಪಡಿಸದೆ ಗೇರ್‌ಬಾಕ್ಸ್ ಕಟ್ಟಿ ಪ್ರಯೋಜನವಿಲ್ಲ. ಇಲ್ಲಿ ಕಂಡದ್ದು ಕಪ್ಪು ಪುಡಿ, ಅಂದರೆ ಸುಟ್ಟ ಕ್ಲಚ್ಚಿನ ಬೂದಿ. ಹಲ್ಲುಚಕ್ರ, ಪಂಪು, ಡ್ರಮ್ ಗಟ್ಟಿಮುಟ್ಟಾಗಿದ್ದವು. ಬ್ಯಾಂಡಿನ ಒಳಮೈಯೂ ಚೆನ್ನಾಗಿತ್ತು.

ಮಾರುಕಟ್ಟೆಯಲ್ಲಿ ಕಿಟ್ಟುಗಳು ಸಾಮಾನ್ಯವಾಗಿ ಮೂರು ಮಟ್ಟದವು. ಮೊದಲನೆಯದರಲ್ಲಿ ಗ್ಯಾಸ್ಕೆಟ್ಟು, ಸೀಲುಗಳು ಮಾತ್ರ. ಎರಡನೆಯದರಲ್ಲಿ ಅವುಗಳ ಜೊತೆ ಕ್ಲಚ್ಚಿನ ಘರ್ಷಣೆ ಪ್ಲೇಟುಗಳು. ಮೂರನೆಯದು 'ಮಾಸ್ಟರ್ ಕಿಟ್'. ಅದರಲ್ಲಿ ನಡುವಿನ ಉಕ್ಕಿನ ಪ್ಲೇಟುಗಳೂ ಸೇರಿರುತ್ತವೆ. ಫಿಲ್ಟರ್, ಬುಷ್, ಬ್ಯಾಂಡ್ ಸೇರಿಸುವುದು ಬಿಡುವುದು ಮಾರುವವರ ಇಷ್ಟ. ಪಟ್ಟಿಯನ್ನು ಬಿಡಿಬಿಡಿಯಾಗಿ ಓದಿ. ಹೆಸರು ಒಂದೇ ಇದ್ದರೂ ಒಳಗಿನದು ಒಂದೇ ಅಲ್ಲ. ಸುಟ್ಟ ಕ್ಲಚ್ಚಿನಲ್ಲಿ ಉಕ್ಕಿನ ಪ್ಲೇಟುಗಳೂ ಕಾದು ನೀಲಿಗಟ್ಟಿರುತ್ತವೆ. ಆದ್ದರಿಂದ ನಾವು ಮೂರನೆಯದನ್ನೇ ಆರಿಸಿದೆವು. ಮಾಡ್ಯುಲೇಟರ್ ಹೆಚ್ಚಾಗಿ ಕಿಟ್ಟಿನಲ್ಲಿ ಬರುವುದಿಲ್ಲ, ಬೇರೆಯಾಗಿ ತರಿಸಿದೆವು.

ಎರಡು ಖರ್ಚುಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು, ಟಾರ್ಕ್ ಕನ್ವರ್ಟರ್. ಅದು ಬೆಸುಗೆ ಹಾಕಿ ಮುಚ್ಚಿದ ಗಡಿಗೆ. ಸುಟ್ಟ ಪುಡಿ ಅದರೊಳಗೆ ಸೇರಿಕೊಂಡರೆ ಸುಮ್ಮನೆ ತೊಳೆದು ತೆಗೆಯಲಾಗದು. ಬಲ್ಲವರಿಂದ ಕತ್ತರಿಸಿ ಶುಚಿಮಾಡಿಸಬೇಕು, ಇಲ್ಲವೇ ಬೇರೆ ಹಾಕಬೇಕು. ಇನ್ನೊಂದು, ಎಣ್ಣೆ ತಣಿಸುವ ಕೊಳವೆಗಳು. ಅವನ್ನು ತೊಳೆಯದಿದ್ದರೆ ಹಳೆಯ ಹೊಲಸು ಹೊಸ ಪೆಟ್ಟಿಗೆಗೆ ಮೊದಲ ದಿನವೇ ಅತಿಥಿಯಾಗಿ ಬರುತ್ತದೆ.

ಇನ್ನು ಆ ರೇಸ್ ಕಿಟ್. ಪವರ್‌ಗ್ಲೈಡ್ ಗಟ್ಟಿಯಾದ್ದರಿಂದ ಅಮೆರಿಕದ ಡ್ರ್ಯಾಗ್ ರೇಸಿನವರು ಇಂದಿಗೂ ಅದನ್ನು ಬಳಸುತ್ತಾರೆ. ಅದರ ಬಿಡಿಭಾಗಗಳು ಇವತ್ತಿಗೂ ಸಿಗುವುದಕ್ಕೆ ಅವರ ಋಣವೂ ಇದೆ. ಆದರೆ ಅವರ ಕನ್ವರ್ಟರು, ಅವರ ವಾಲ್ವ್ ಬಾಡಿ ಕೆಲವೇ ಸೆಕೆಂಡುಗಳ ಓಟಕ್ಕೆ ಮಾಡಿದವು. ಅಜ್ಜನನ್ನು ಕೂರಿಸಿಕೊಂಡು ನಿಧಾನವಾಗಿ ಹೋಗುವ ಕಾರಿಗೆ ಅವು ಬೇಡ. ಮದುವೆ ಊಟಕ್ಕೆಂದು ತಂದ ಕೊಪ್ಪರಿಗೆಯಲ್ಲಿ ಇಬ್ಬರಿಗೆ ಸಾರು ಮಾಡುತ್ತೀರಾ?

ಗೇರ್‌ಬಾಕ್ಸನ್ನೇ ಬದಲಿಸುವ ಸಲಹೆಗೂ ಒಂದು ಮಾತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗದ ಗಾಡಿಗಳಿಗೆ ಅದು ಅನ್ವಯಿಸುತ್ತದೆ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಓಡಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಬೇರೆ ಗೇರ್‌ಬಾಕ್ಸ್ ಕೂರಿಸಲು ನೆಲವನ್ನೋ ಚಾಸಿಯನ್ನೋ ಕತ್ತರಿಸಿದರೆ ನಾಳೆ ಪ್ರಶ್ನೆ ಎದ್ದೀತು. ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಕೂಡಿಸುವುದು ಕಷ್ಟ. ಗುಜರಿಯ ಗೇರ್‌ಬಾಕ್ಸಿಗೋ ಇದೇ ಸೀಲು, ಇದೇ ವಯಸ್ಸು. ಅದನ್ನೂ ಬಿಚ್ಚಿ ಕಟ್ಟಲೇಬೇಕು.

ಕಟ್ಟುವಾಗ

ಕೆಲವು ಕಿವಿಮಾತುಗಳು. ಗ್ಯಾರೇಜುಗಳಲ್ಲಿ ಒರೆಸಲು ಬಳಸುವ ವೇಸ್ಟ್ ಕಾಟನ್ ಇಲ್ಲಿ ಬೇಡವೇ ಬೇಡ; ಅದರ ಒಂದು ಎಳೆ ಸಾಕು, ವಾಲ್ವು ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಘರ್ಷಣೆ ಪ್ಲೇಟುಗಳನ್ನು ಜೋಡಿಸುವ ಮೊದಲು ಗೇರ್ ಎಣ್ಣೆಯಲ್ಲಿ ನೆನೆಹಾಕಿ. ಸಣ್ಣ ವಾಷರುಗಳು ಜಾರದಂತೆ ಹಿಡಿಸಲು ಗ್ರೀಸ್ ಬದಲು ವ್ಯಾಸಲೀನ್ ಹಚ್ಚಿ; ಅದು ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ, ಗ್ರೀಸು ಮುದ್ದೆಯಾಗಿ ದಾರಿ ಕಟ್ಟುತ್ತದೆ. ಕನ್ವರ್ಟರನ್ನು ತಿರುಗಿಸುತ್ತ ಪಂಪಿನೊಳಗೆ ಪೂರ್ತಿ ಕೂರಿಸಿ. ಗೇರ್‌ಬಾಕ್ಸ್ ತಾನಾಗಿ ಎಂಜಿನ್ನಿಗೆ ಸೇರಬೇಕು. ಬೋಲ್ಟು ಬಿಗಿದು ಎಳೆದು ಸೇರಿಸಿದರೆ ಪಂಪು ಮುರಿಯುತ್ತದೆ.

ಎಣ್ಣೆಯ ವಿಷಯ. 1965ರ ಕೈಪಿಡಿ 'ಟೈಪ್ ಎ' ಎನ್ನುತ್ತದೆ. ಆ ಹೆಸರು ಹುಡುಕುತ್ತ ಅಲೆಯಬೇಡಿ. 1967ರಲ್ಲಿ ಅದರ ಜಾಗಕ್ಕೆ ಡೆಕ್ಸ್ರಾನ್ ಬಂತು, ಈಗ ಆ ವರ್ಗದ ಎಣ್ಣೆಯೇ ಸಾಕು. ಹಿಂದೆ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರಂತೆ! ಅಳಿವಿನಂಚಿನ ಜೀವಿಗಳನ್ನು ಕಾಯಲು 1973ರಲ್ಲಿ ಅಮೆರಿಕದಲ್ಲಿ ಕಾನೂನು ಬಂದ ಹೊತ್ತಿಗೆ ಅದು ನಿಂತಿತು. ಕೈಪಿಡಿಯ ಈ ಸಾಲನ್ನು ಮಾತ್ರ ಇಂದಿನ ತಿಳಿವಳಿಕೆಯಿಂದ ತಿದ್ದಿಕೊಳ್ಳಬೇಕು.

ನನ್ನ ಬಿ.ಎ. ಉಪಯೋಗಕ್ಕೆ ಬಂದದ್ದು ಒಂದೇ ಒಂದು ಕಡೆ. ಬ್ಯಾಂಡಿನ ಸ್ಕ್ರೂವನ್ನು 70ಕ್ಕೆ ಬಿಗಿದು, ಆಮೇಲೆ ಸಡಿಲಿಸಬೇಕು. ಆರು ಸಾವಿರ ಮೈಲಿ ಮೀರಿ ಓಡಿದ ಬ್ಯಾಂಡಾದರೆ ಸರಿಯಾಗಿ 4 ಸುತ್ತು, ಹೊಸದಾದರೆ 3. ಹುಡುಗ ಟಾರ್ಕ್ ರೆಂಚನ್ನು 70ಕ್ಕೆ ಇಟ್ಟು ಸ್ಕ್ರೂವಿಗೆ ಹಿಡಿದೇ ಬಿಟ್ಟಿದ್ದ. "ನಿಲ್ಲು!" ಎಂದೆ. ಪುಸ್ತಕದಲ್ಲಿದ್ದದ್ದು 70 ಇಂಚ್-ಪೌಂಡ್. ಅವನ ರೆಂಚಿನಲ್ಲಿದ್ದದ್ದು ಫುಟ್-ಪೌಂಡ್. ಹನ್ನೆರಡು ಪಟ್ಟು ಬಿಗಿ! ಆರಕ್ಕಿಂತ ಕಡಿಮೆ ಫುಟ್-ಪೌಂಡ್ ಬೇಕಾದಲ್ಲಿ ಎಪ್ಪತ್ತು. ಎರಡು ತಿಂಗಳ ಕೆಲಸ ಒಂದು ಪದದಲ್ಲಿ ಹೋಗುತ್ತಿತ್ತು. ಅಂಕಿ ಓದಿದರೆ ಸಾಲದು ಮಕ್ಕಳೇ, ಅದರ ಪಕ್ಕದ ಪದವನ್ನೂ ಓದಿ.

ಯಾರ ಮಾತು ಕೇಳಬೇಕು?

ಗೇರ್‌ಬಾಕ್ಸ್ ನಿಮ್ಮ ಬಾಳಿನಲ್ಲಿ ಬರದೆಯೂ ಇರಬಹುದು. ಸಲಹೆಗಾರರಂತೂ ಬಂದೇ ಬರುತ್ತಾರೆ. ಕೆಲಸ, ಮನೆ, ಮದುವೆ, ಎಲ್ಲಕ್ಕೂ. ನನಗೆ ಈ ಗ್ಯಾರೇಜು ನಾಲ್ಕು ಅಳತೆಗೋಲು ಕೊಟ್ಟಿತು. ಹೇಳುವ ಮೊದಲು ಕೇಳುವವರೇ? "ಹೀಗೆ ಮಾಡು" ಎನ್ನುವುದರ ಜೊತೆ "ಯಾಕೆಂದರೆ" ಎನ್ನುವರೇ? ಕೆಟ್ಟದ್ದನ್ನು ನಿಮ್ಮ ಕೈಗೆ ಕೊಟ್ಟು ತೋರಿಸುವರೇ? "ಇದು ನಿನಗೆ ಬೇಡ" ಎಂದು ಒಮ್ಮೆಯಾದರೂ ಹೇಳುವರೇ? ನಮ್ಮ ಮಿಸ್ತ್ರಿ ಹೊಸ ಬ್ಯಾಂಡ್ ಬೇಡವೆಂದು ಕೈಯಾರೆ ಪಟ್ಟಿಯಿಂದ ಹೊಡೆದುಹಾಕಿದರು. ಆ ದಿನದಿಂದ ಅವರ ಮಾತನ್ನು ನಾವು ಮರುಪ್ರಶ್ನಿಸಲಿಲ್ಲ.

ಇನ್ನೊಂದು ಮಾತು, ಸ್ವಲ್ಪ ನಿಷ್ಠುರವಾಗಿ. ಹುಡುಗ ಹೊರಗಿನ ಮೂವರನ್ನು ಕೇಳಿದ್ದ. ಅದೇ ಕಾರನ್ನು ನಾಲ್ಕು ದಶಕ ಓಡಿಸಿದವರು ಮನೆಯಲ್ಲೇ ಕುಳಿತಿದ್ದರು, ಅವರನ್ನು ಕೇಳಿರಲಿಲ್ಲ. ಯಾಕೆಂದು ವಿಚಾರಿಸಿದೆ. "ಅಜ್ಜನ ಕನ್ನಡ ನನಗೆ ಅರ್ಧ ಅರ್ಥವಾಗುವುದಿಲ್ಲ ಆಂಟೀ" ಎಂದ. ಬೈಯಲು ಬಾಯಿ ಬರಲಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮ್ಮ ತಲೆಮಾರಿನ ಕಷ್ಟ ನನಗೆ ಗೊತ್ತು; ನನ್ನ ಮಕ್ಕಳೂ ಹೀಗೆಯೇ. ಆದರೆ ಎಣ್ಣೆ ಎಲ್ಲಿಗೆ ಹೋಗುತ್ತಿದೆ ಎಂಬ ಗುಟ್ಟು ಆ ಅರ್ಧದಲ್ಲೇ ಅಡಗಿತ್ತು. ಅದನ್ನು ಕಳೆದ ವರ್ಷವೇ ಕೇಳಿದ್ದರೆ ಒಂದು ಸಣ್ಣ ಡಬ್ಬಿಯಲ್ಲಿ ಕೆಲಸ ಮುಗಿಯುತ್ತಿತ್ತು.

ಕಟ್ಟಡ ಖಾಲಿ ಮಾಡುವುದಕ್ಕೆ ಒಂಬತ್ತು ದಿನ ಮುಂಚೆ, ಒಂದು ಭಾನುವಾರ ಬೆಳಗಿನ ಜಾವ, ಕಾರನ್ನು ಪನ್ವೇಲಿನ ಕಡೆಯ ಪರಿಚಿತರೊಬ್ಬರ ಗೋಡೌನಿಗೆ ಒಯ್ದರು. ಹುಡುಗ ಚಕ್ರ ಹಿಡಿದಿದ್ದ, ಪಕ್ಕದಲ್ಲಿ ಅಜ್ಜ, ಹಿಂದೆ ಮಿಸ್ತ್ರಿ ಮತ್ತು ನಾನು. ಗೇಟು ದಾಟಿ ವೇಗ ಏರುತ್ತಿದ್ದಂತೆ ಎಂಜಿನ್ನಿನ ದನಿ ಮೆಲ್ಲನೆ ಇಳಿಯಿತು; ಎರಡನೆಯ ಗೇರು ಬಿದ್ದಿತ್ತು. ಗುದ್ದಲಿಲ್ಲ, ಜಾರಲಿಲ್ಲ. ಅಜ್ಜ ಏನೂ ಹೇಳಲಿಲ್ಲ. ತೊಡೆಯ ಮೇಲಿದ್ದ ಅವರ ಬೆರಳೊಂದು ಸರಿಯಾಗಿ ಆ ಕ್ಷಣಕ್ಕೆ ಒಮ್ಮೆ ಎದ್ದು ಕೂತಿತು.

ಈಗ ಹುಡುಗ ಪ್ರತಿ ಭಾನುವಾರ ಅಜ್ಜನ ಬಳಿ ಕುಳಿತು ಅವರ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾನೆ. ಕಾರಿನ ವಿಷಯ ಮುಗಿದು ಈಗ ಊರಿನ ವಿಷಯ ನಡೆಯುತ್ತಿದೆಯಂತೆ.

ನಿಮ್ಮ ಮನೆಯಲ್ಲೂ ಕೆಟ್ಟು ನಿಂತ ಹಳೆಯ ವಸ್ತುವೊಂದು ಇದ್ದೀತು. ರೇಡಿಯೊ, ಹೊಲಿಗೆ ಯಂತ್ರ, ಗಡಿಯಾರ, ಯಾವುದಾದರೂ ಸರಿ. ಅದು ಯಾಕೆ ನಿಂತಿತೆಂದು ಮನೆಯ ಹಿರಿಯರನ್ನೇ ಮೊದಲು ಕೇಳಿ ನನಗೆ ಬರೆಯಿರಿ. ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.